ಕಾಡಿನ ಜೀಪಿನಲ್ಲಿ ಮಾತಿನ ತಂತಿ

ಹುಣಸೂರು ತಾಲ್ಲೂಕಿನ ಗುರುಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಟಿಬೆಟನ್ನರ ರಬ್ಗೇಲಿಂಗ್ ನೆಲೆ ಮತ್ತು ಅಲ್ಲಿನ ಗ್ಯೂಮೆ ಬೌದ್ಧವಿಹಾರ. ಊರಿನವರಿಗೆ ಅದಕ್ಕಿಂತ ಮೊದಲು ನೆನಪಾಗುವುದು ಆನೆ. 643 ಚದರ ಕಿಲೋಮೀಟರ್ ಹರಡಿಕೊಂಡಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಇಲ್ಲಿಂದ ದೂರವಿಲ್ಲ. ಮುಸುಕಿನ ಜೋಳ ಹಾಲುಗಟ್ಟಿದಾಗ, ರಾಗಿ ತೆನೆ ಬಲಿತಾಗ, ಹೊತ್ತು ಮುಳುಗಿದ ಮೇಲೆ ಹೊಲದಲ್ಲಿ ಯಾರ ಹೆಜ್ಜೆ ಬೀಳುತ್ತದೆ ಎಂದು ಹೇಳಬರುವುದಿಲ್ಲ. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ತಡೆ ಎಲ್ಲವೂ ಬಂದಿವೆ. ಆನೆಯೂ ಬರುತ್ತಲೇ ಇದೆ.

ಆನೆ ಹೊಲಕ್ಕೆ ಇಳಿದ ಸುದ್ದಿ ಬಂದೊಡನೆ ಓಡಿ ಬರುವುದು ಅರಣ್ಯ ಇಲಾಖೆಯ ಜೀಪು ಅಥವಾ ಹಿಂದೆ ತೆರೆದ ತೊಟ್ಟಿ ಇರುವ ಕ್ಯಾಂಪರ್. ಅದರ ತಲೆಯ ಮೇಲೆ ಸಣ್ಣ ಕಡ್ಡಿಯಂಥ ಏರಿಯಲ್ ಕಂಡರೆ, ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ ವೈರ್‌ಲೆಸ್ ಸೆಟ್ ಇದೆ ಎಂದು ಅರ್ಥ. ಸುರುಳಿ ತಂತಿಯ ಮೈಕ್ ಹಿಡಿದು ಮಾತನಾಡುವ ಸಿಬ್ಬಂದಿಯನ್ನು ಎಲ್ಲರೂ ನೋಡಿದ್ದಾರೆ. ಆದರೆ ಆ ಪೆಟ್ಟಿಗೆಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದವರು ಕಡಿಮೆ. ಬ್ಯಾಟರಿಯಿಂದ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಉತ್ತರ ಸರಿಯೇ. ಆದರೆ ಬ್ಯಾಟರಿಯಿಂದ ಸೆಟ್ಟಿಗೆ ಆ ತಂತಿ ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಮೇಲೆ, ಕತ್ತಲಲ್ಲಿ ಕಾಡಂಚಿನಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗುತ್ತದೋ ಇಲ್ಲವೋ, ಬೇಕಾದ ಹೊತ್ತಿಗೆ ಸೆಟ್ ಬಾಯಿಬಿಡುತ್ತದೋ ಇಲ್ಲವೋ ಎನ್ನುವುದು ನಿಂತಿದೆ.

ಒಬ್ಬ ಹೇಳಿದರೆ ಹತ್ತು ಜನಕ್ಕೆ

ಕೈಯಲ್ಲಿ ಮೊಬೈಲ್ ಇರುವ ಕಾಲದಲ್ಲಿ ಈ ಹಳೆಯ ಸೆಟ್ ಏಕೆ ಎಂದು ಕೇಳಬಹುದು. ಕಾಡಿನೊಳಗೆ ಹೋದಂತೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೊಬೈಲಿನಲ್ಲಿ ಒಬ್ಬರಿಗೆ ಹೇಳಿ, ಇಟ್ಟು, ಮತ್ತೊಬ್ಬರಿಗೆ ಹೇಳಬೇಕು. ವೈರ್‌ಲೆಸ್‌ನಲ್ಲಿ ಒಬ್ಬ ಗುಂಡಿ ಒತ್ತಿ ಆಡಿದ ಮಾತು ಅದೇ ಚಾನೆಲ್ಲಿನಲ್ಲಿರುವ ಎಲ್ಲ ಜೀಪಿಗೂ, ಕಳ್ಳಬೇಟೆ ತಡೆ ಶಿಬಿರಕ್ಕೂ, ವಲಯ ಕಚೇರಿಗೂ ಒಟ್ಟಿಗೆ ಕೇಳುತ್ತದೆ. ಆನೆ ಹಿಂಡು ಎಡಕ್ಕೆ ತಿರುಗಿತು ಎಂಬ ಸುದ್ದಿ ಹತ್ತು ಜನಕ್ಕೆ ಒಂದೇ ಕ್ಷಣದಲ್ಲಿ ಮುಟ್ಟಬೇಕಾದಾಗ ಇದಕ್ಕಿಂತ ಸುಲಭದ ಸಾಧನ ಇಲ್ಲ.

ಕೈಯಲ್ಲಿ ಹಿಡಿಯುವ ವಾಕಿ-ಟಾಕಿ ಸಾಮಾನ್ಯವಾಗಿ 5 ವಾಟ್ ಶಕ್ತಿಯದು. ಜೀಪಿನಲ್ಲಿ ಕೂರಿಸುವ ಸೆಟ್ 25ರಿಂದ 50 ವಾಟ್‌ನದು. ಮೇಲೆ, ಲೋಹದ ಚಾವಣಿಯ ನಡುವೆ ನಿಂತ ಏರಿಯಲ್ ಬೇರೆ. ಆದ್ದರಿಂದಲೇ ಕಾಡಿನಲ್ಲಿ ನಡೆದು ಹೋದವರ ಮಾತು ದೂರದ ಕಚೇರಿಗೆ ಮುಟ್ಟದಿದ್ದಾಗ, ನಡುವೆ ನಿಂತ ಜೀಪು ಅದನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸುತ್ತದೆ. ಕಾಲ್ನಡಿಗೆಯವರಿಗೆ ಜೀಪಿನ ಸೆಟ್ಟೇ ಆಸರೆ.

2022ರಲ್ಲಿ ರಾಜ್ಯ ಸರ್ಕಾರ ಆನೆ ಹಾವಳಿ ಇರುವ ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚಿಸಿತು. ಪಡೆ ಯಾವುದೇ ಇರಲಿ, ಅದರ ಗಾಡಿ ಮತ್ತು ಮಾತು ಎರಡೂ ಒಟ್ಟಿಗೆ ನಡೆದರೆ ಮಾತ್ರ ಕೆಲಸ.

ಎರಡು ದಾರಿ, ಎರಡು ತೊಂದರೆ

ಸೆಟ್ಟಿಗೆ ಕರೆಂಟು ಕೊಡಲು ಮೇಲ್ನೋಟಕ್ಕೆ ಎರಡು ದಾರಿಗಳಿವೆ. ಮೊದಲನೆಯದು ನೇರ ದಾರಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ತಂತಿ, ಮೈನಸ್‌ನಿಂದ ಒಂದು ತಂತಿ, ನಡುವೆ ಫ್ಯೂಸ್. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೀ ಇರಲಿ ಬಿಡಲಿ, ಸೆಟ್ ಸದಾ ಎಚ್ಚರ.

ತೊಂದರೆ ಇರುವುದು ಆ ‘ಸದಾ’ ಎಂಬಲ್ಲಿ. ಮಾತಿಲ್ಲದೆ ಸುಮ್ಮನೆ ಕೇಳುತ್ತಾ ಕುಳಿತ ಸೆಟ್ ಕೂಡ ಸುಮಾರು 0.4 ಆಂಪಿಯರ್ ಕರೆಂಟು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಇದು ಚಿಕ್ಕ ಲೆಕ್ಕ. ಆದರೆ ದಿನಕ್ಕೆ 24 ಗಂಟೆ. ಅಲ್ಲಿಗೆ ಹತ್ತಿರ ಹತ್ತಿರ 10 ಆಂಪಿಯರ್-ಅವರ್ ಆಯಿತು. ಡೀಸೆಲ್ ಜೀಪಿನ ಬ್ಯಾಟರಿ 70 ಆಂಪಿಯರ್-ಅವರ್‌ನದು ಎಂದರೆ, ಮೂರೂವರೆ ದಿನ ನಿಂತಲ್ಲೇ ನಿಂತ ಗಾಡಿಯ ಬ್ಯಾಟರಿ ಅರ್ಧ ಖಾಲಿ. ಬ್ಯಾಟರಿ ಎರಡು ಮಳೆಗಾಲ ಕಂಡದ್ದಾದರೆ ಅಷ್ಟು ದಿನವೂ ಬೇಡ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಮೋಟಾರು ಒಂದೇ ಏಟಿಗೆ ನೂರಾರು ಆಂಪಿಯರ್ ಕೇಳುತ್ತದೆ. ಸೊರಗಿದ ಬ್ಯಾಟರಿ ಅಷ್ಟು ಕೊಡಲಾರದು. ಕೀ ತಿರುಗಿಸಿದರೆ ‘ಕಟ್ ಕಟ್’ ಎಂಬ ಸದ್ದು ಮಾತ್ರ. ಊರಿನಲ್ಲಾದರೆ ನಾಲ್ಕು ಜನ ಸೇರಿ ತಳ್ಳಬಹುದು. ಆನೆಯ ಎದುರು ಯಾರು ಇಳಿದು ತಳ್ಳುತ್ತಾರೆ?

ಎರಡನೆಯದು ಕೀಯ ದಾರಿ. ಇಗ್ನಿಷನ್ ಕೀ ಆನ್ ಆದಾಗ ಮಾತ್ರ ಜೀವ ಬರುವ ಯಾವುದಾದರೂ ತಂತಿಯಿಂದ ಸೆಟ್ಟಿಗೆ ಕರೆಂಟು ಕೊಡುವುದು. ಕೀ ತೆಗೆದರೆ ಸೆಟ್ಟೂ ಮಲಗುತ್ತದೆ, ಬ್ಯಾಟರಿ ಉಳಿಯುತ್ತದೆ. ಮರೆವಿನ ಮನುಷ್ಯನಿಗೆ ಇದು ಒಳ್ಳೆಯ ಕಾವಲು. ಆದರೆ ಇಲ್ಲಿಯೂ ತೊಡಕುಂಟು. ಆ ತಂತಿ ಯಾವುದು, ಅದು ಎಷ್ಟು ಭಾರ ಹೊರಬಲ್ಲದು ಎಂಬುದನ್ನು ತಿಳಿಯದೆ ಕೈ ಹಾಕಿದರೆ ವೈಪರ್ ಫ್ಯೂಸ್ ಹಾರಬಹುದು, ತಂತಿ ಕಾದು ಸುಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ನಿಲ್ಲಿಸಿ ಕೀ ತೆಗೆದು ಸದ್ದಿಲ್ಲದೆ ಕಾಯುವ ಹೊತ್ತಿನಲ್ಲೇ ಸೆಟ್ ಮೂಕವಾಗುತ್ತದೆ.

ಕೀ ಬಂದ ಕಥೆ

ಗಾಡಿ, ಬ್ಯಾಟರಿ, ರೇಡಿಯೊ ಮೂರೂ ಒಟ್ಟಿಗೆ ಹುಟ್ಟಿದವಲ್ಲ. ಮೊದಲ ಮೋಟಾರುಗಳನ್ನು ಮುಂದೆ ನಿಂತು ಕಬ್ಬಿಣದ ಹಿಡಿಯಿಂದ ತಿರುಗಿಸಿ ಎಬ್ಬಿಸಬೇಕಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ ಬಂತು. ಅದರ ಹಿಂದೆಯೇ ದೊಡ್ಡ ಬ್ಯಾಟರಿ ಮೋಟಾರಿನ ಕಾಯಂ ಅಂಗವಾಯಿತು. ಆಗಲೂ ಕೀ ಬೇರೆ, ಸೆಲ್ಫ್ ಗುಂಡಿ ಬೇರೆ. ಒಂದೇ ಕೀ ತಿರುಗಿಸಿ ಎಂಜಿನ್ ಎಬ್ಬಿಸುವ ಏರ್ಪಾಡನ್ನು ಕ್ರೈಸ್ಲರ್ ಕಂಪನಿ 1949ರಲ್ಲಿ ತಂದಿತು.

ರೇಡಿಯೊ ಕಾರಿನೊಳಗೆ ಕಾಲಿಟ್ಟದ್ದು ಇದರ ನಡುವೆ. 1928ರಲ್ಲಿ ಡೆಟ್ರಾಯಿಟ್ ಪೊಲೀಸರ ಕಾರುಗಳು ಠಾಣೆಯ ಮಾತನ್ನು ಕೇಳಬಲ್ಲವಾಗಿದ್ದವು. ಉತ್ತರ ಹೇಳಬೇಕಾದರೆ ಕಾರು ನಿಲ್ಲಿಸಿ ಟೆಲಿಫೋನ್ ಹುಡುಕಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬಯೋನ್ ಪಟ್ಟಣದ ಪೊಲೀಸರು ಕಾರಿನಿಂದಲೇ ಮರುಮಾತು ಆಡುವ ಸೆಟ್ ಕೂರಿಸಿಕೊಂಡರು. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗೆ ಡೇನಿಯಲ್ ನೋಬಲ್ ಎಂಬ ಎಂಜಿನಿಯರು ಎಫ್‌ಎಂ ತಂತ್ರದ ಎರಡು ಬದಿಯ ಸಂಪರ್ಕ ರೂಪಿಸಿದರು. ಕರಕರ ಸದ್ದು ತಗ್ಗಿ ಮಾತು ತಿಳಿಯಾಯಿತು. ಇಂದಿಗೂ ಜೀಪುಗಳಲ್ಲಿ ಕೇಳುವ ಸಾಮಾನ್ಯ ವೈರ್‌ಲೆಸ್ ಸೆಟ್ಟುಗಳು ಅದೇ ವಂಶದವು.

ಆ ಕಾಲದ ವಾಲ್ವ್ ಸೆಟ್ಟುಗಳ ಹಸಿವು ದೊಡ್ಡದು. ಕಾರಿನ ಬ್ಯಾಟರಿಯ ಸಣ್ಣ ವೋಲ್ಟೇಜನ್ನು ನೂರಾರು ವೋಲ್ಟಿಗೆ ಏರಿಸಲು ಪುಟ್ಟ ಮೋಟಾರು-ಜನರೇಟರ್ ಒಂದು ಒಳಗೆ ತಿರುಗುತ್ತಿರಬೇಕಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಸೆಟ್ ಚಿಕ್ಕದಾಯಿತು, ಹಸಿವೂ ತಗ್ಗಿತು. ಬ್ಯಾಟರಿ ಉಳಿಸುವ ಚಿಂತೆ ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿ ಒಂದು ತಮಾಷೆಯೂ ಇದೆ. ಇಗ್ನಿಷನ್ ಎಂದರೆ ಕಿಡಿ ಹೊತ್ತಿಸುವುದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಳೆಯ ಡೀಸೆಲ್ ಜೀಪುಗಳಲ್ಲಿ ಕೀ ತೆಗೆದರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಎಣ್ಣೆ ತಡೆಯುವ ಸ್ಟಾಪ್ ಗುಬುಟನ್ನು ಎಳೆಯಬೇಕಿತ್ತು. ಅಂಥ ಗಾಡಿಯಲ್ಲಿ ಎಂಜಿನ್ ಓಡುತ್ತಿದ್ದರೂ ಕೀ ಆಫ್ ಇದ್ದರೆ, ಕೀಯ ದಾರಿಗೆ ಸೇರಿಸಿದ ಸೆಟ್ ಸತ್ತಂತೆ. ಎಂಜಿನ್ ನಿಲ್ಲಿಸಿ ಕೀ ತೆಗೆಯಲು ಮರೆತರೆ ಸೆಟ್ ಬದುಕಿಯೇ ಇರುತ್ತಿತ್ತು, ಬ್ಯಾಟರಿಯ ಪ್ರಾಣ ತಿನ್ನುತ್ತಿತ್ತು. ಹೊಸ ಡೀಸೆಲ್ ಗಾಡಿಗಳಲ್ಲಿ ಕೀ ಎಂಜಿನ್ನನ್ನೂ ನಿಲ್ಲಿಸುತ್ತದೆ. ಹೆಸರು ಮಾತ್ರ ಅದೇ ಇಗ್ನಿಷನ್ ಕೀ.

ಜೀವ ತಂತಿಯ ಹುಡುಕಾಟ

ಕೀಯ ತಂತಿಯನ್ನು ಹುಡುಕುವುದು ನಾಡಿ ಹಿಡಿದು ನೋಡಿದ ಹಾಗೆ. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಹೊಗೆಸೊಪ್ಪು, ಶುಂಠಿ ಹೇರುವ ಪಿಕಪ್‌ಗಳ ವೈರಿಂಗ್ ಮಾಡುವ ಯಾವ ಎಲೆಕ್ಟ್ರಿಷಿಯನ್ನಿಗೂ ಇದು ನಿತ್ಯದ ಕೆಲಸ. ಸ್ಟೀರಿಯೊ ಕೂರಿಸುವಾಗ, ಹೆಚ್ಚಿನ ದೀಪ ಹಾಕುವಾಗ ಇದೇ ಹುಡುಕಾಟ. ಬೇಕಾದ ಮುಖ್ಯ ಸಾಮಾನು ಒಂದೇ: ಒಂದು ತುದಿಗೆ ಕ್ಲಿಪ್, ಇನ್ನೊಂದು ತುದಿಗೆ ಸೂಜಿ, ನಡುವೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್. ಅಥವಾ ಮಲ್ಟಿಮೀಟರ್.

ಸಾಮಾನ್ಯವಾಗಿ ಕೀಗೆ ನಾಲ್ಕು ನಿಲುವುಗಳಿವೆ. ಪೂರ್ತಿ ಆಫ್. ಅದರಾಚೆ ಸ್ಟೀರಿಯೊದಂಥ ಮೇಲುಸಾಮಾನಿಗೆ ಮಾತ್ರ ಜೀವ ಕೊಡುವ ಎಸಿಸಿ. ಮುಂದೆ ಗಾಡಿ ಓಡುವಾಗ ಇರುವ ಆನ್. ಕೊನೆಗೆ ಸೆಲ್ಫ್ ಹೊಡೆಯುವ ಸ್ಟಾರ್ಟ್, ಬೆರಳು ಬಿಟ್ಟೊಡನೆ ಇದು ಹಿಂದಕ್ಕೆ ಬರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆ ತೆರೆದು, ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಸೂಜಿಯನ್ನು ಒಂದೊಂದೇ ಫ್ಯೂಸಿಗೆ ಮುಟ್ಟಿಸಬೇಕು. ಪ್ರತಿ ಫ್ಯೂಸನ್ನೂ ಕೀಯ ನಾಲ್ಕೂ ನಿಲುವಿನಲ್ಲಿ ನೋಡಬೇಕು.

ಕೀ ಆಫ್ ಇದ್ದಾಗಲೂ ಬೆಳಗಿದರೆ ಅದು ಸದಾ ಜೀವವಿರುವ ತಂತಿ. ಅಪಾಯದ ದೀಪ, ಹಲವು ಗಾಡಿಗಳ ಹಾರ್ನ್ ಮತ್ತು ಬ್ರೇಕ್ ದೀಪ ಈ ಗುಂಪಿನವು. ಎಸಿಸಿಯಲ್ಲೂ ಆನ್‌ನಲ್ಲೂ ಬೆಳಗಿ, ಸ್ಟಾರ್ಟ್ ಹೊಡೆದಾಗ ಆರಿದರೆ ಅದು ಮೇಲುಸಾಮಾನಿನ ತಂತಿ. ಸೆಲ್ಫ್‌ಗೆ ಪೂರ್ತಿ ಬಲ ಸಿಗಲಿ ಎಂದು ಗಾಡಿ ತಾನೇ ಅದನ್ನು ಆ ಗಳಿಗೆಗೆ ಕಡಿಯುತ್ತದೆ. ಅಲ್ಲಿಗೆ ಸೇರಿಸಿದ ಸೆಟ್ ಪ್ರತಿ ಸಲ ಸ್ಟಾರ್ಟ್ ಮಾಡುವಾಗಲೂ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಆನ್‌ನಲ್ಲೂ ಸ್ಟಾರ್ಟ್‌ನಲ್ಲೂ ಬೆಳಗಿದರೆ ಅದು ಎಂಜಿನ್ನಿಗೆ ಬೇಕಾದ ತಂತಿ. ಸಿಕ್ಕಿತು ಎಂದು ಖುಷಿಪಟ್ಟು ಅದಕ್ಕೆ ಕೈ ಹಾಕಬಾರದು. ಅಲ್ಲಿ ಫ್ಯೂಸ್ ಹಾರಿದರೆ ಗಾಡಿಯೇ ನಿಲ್ಲಬಹುದು.

ತಂತಿಯ ಬಣ್ಣ ನೋಡಿ ನಂಬುವ ಹಾಗೂ ಇಲ್ಲ. ಒಂದು ಕಂಪನಿಯ ಕೆಂಪು ಇನ್ನೊಂದು ಕಂಪನಿಯ ಕೆಂಪಲ್ಲ. ಅದರ ಮೇಲೆ, ಹಳೆಯ ಗಾಡಿಯಲ್ಲಿ ಯಾರೋ ಯಾವಾಗಲೋ ಕೈಗೆ ಸಿಕ್ಕ ಬಣ್ಣದ ತಂತಿ ಸೇರಿಸಿ ಟೇಪು ಸುತ್ತಿರುತ್ತಾರೆ. ಬಲ್ಬ್ ಹೇಳಿದ್ದೇ ಸತ್ಯ.

ನೀರುಗಂಟಿಯ ಕೆಲಸ

ಸರಿಯಾದ ತಂತಿ ಸಿಕ್ಕಿತು. ಹಾಗೆಂದು ಸೆಟ್ಟಿನ ಪೂರ್ತಿ ಭಾರವನ್ನು ಅದರ ಮೇಲೆ ಹೇರಬಹುದೇ? ಕೇಳುವಾಗ ಅರ್ಧ ಆಂಪಿಯರ್ ಸಾಕಾಗುವ 25 ವಾಟ್ ಸೆಟ್, ಗುಂಡಿ ಒತ್ತಿ ಮಾತನಾಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. 50 ವಾಟ್ ಸೆಟ್ ಆದರೆ 10 ಆಂಪಿಯರಿಗೂ ಮೀರಿ. ಕೀಯ ಒಳಗಿನ ಸಣ್ಣ ತಗಡುಗಳು, ಸ್ಟೀರಿಯೊ ತಂತಿ ಇದಕ್ಕೆಂದು ಮಾಡಿದವಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ರಿಲೇ. ಕೆರೆಯ ನೀರು ಬಿಡುವ ನೀರುಗಂಟಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗದ್ದೆಗೆ ಹರಿಯುವ ನೀರನ್ನು ಅವನು ಹೊರುವುದಿಲ್ಲ. ತೂಬು ಎತ್ತುತ್ತಾನೆ ಅಷ್ಟೆ, ನೀರು ತನ್ನ ನಾಲೆಯಲ್ಲಿ ತಾನೇ ಹರಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ತಂತಿ ಇಲ್ಲಿ ನಾಲೆ, ರಿಲೇ ತೂಬು, ಕೀಯ ತಂತಿ ನೀರುಗಂಟಿ. ಕೀಯ ತಂತಿಯಿಂದ ರಿಲೇಯೊಳಗಿನ ಸುರುಳಿಗೆ ಆಂಪಿಯರಿನ ಐದನೇ ಒಂದು ಪಾಲಿನಷ್ಟು ಕರೆಂಟು ಬಂದರೆ ಸಾಕು, ‘ಟಕ್’ ಎಂದು ತೂಬು ತೆರೆಯುತ್ತದೆ. ರಿಲೇಯ ತಳದಲ್ಲಿ ಅಚ್ಚಾಗಿರುವ ಅಂಕಿಗಳೂ ಈ ಕಥೆಯನ್ನೇ ಹೇಳುತ್ತವೆ: 30ಕ್ಕೆ ಬ್ಯಾಟರಿ, 87ಕ್ಕೆ ಸೆಟ್, 86ಕ್ಕೆ ಕೀಯ ತಂತಿ, 85ಕ್ಕೆ ಅರ್ತ್. ಜರ್ಮನ್ ಪ್ರಮಾಣದ ಈ ಅಂಕಿಗಳನ್ನು ಹುಣಸೂರಿನ ಗ್ಯಾರೇಜಿನ ಹುಡುಗನೂ ಬಾಯಿಪಾಠ ಹೇಳಬಲ್ಲ.

ನಾಲೆ ಕಿರಿದಾದರೆ ಕೊನೆಯ ಗದ್ದೆಗೆ ನೀರಿಲ್ಲ. ತಂತಿಗೂ ಅದೇ ಮಾತು. ಹೋಗಿ ಬರುವ ದಾರಿ ಸೇರಿ 8 ಮೀಟರ್ ತಂತಿ ಬೇಕಾಯಿತು ಎನ್ನಿ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದರೆ 1.4 ವೋಲ್ಟ್ ದಾರಿಯಲ್ಲೇ ಸೋರುತ್ತದೆ. 4 ಚದರ ಮಿಲಿಮೀಟರ್ ತಂತಿಯಾದರೆ ಸೋರುವುದು 0.35 ವೋಲ್ಟ್ ಮಾತ್ರ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ ಇರುವುದೇ ಸುಮಾರು 12.6 ವೋಲ್ಟ್. ತೆಳು ತಂತಿಯ ಸೆಟ್ಟಿಗೆ ಮುಟ್ಟುವುದು ಹನ್ನೊಂದು ಚಿಲ್ಲರೆ. ಕೇಳುವಾಗ ಎಲ್ಲ ಸರಿಯಾಗಿರುತ್ತದೆ, ಮಾತನಾಡಲು ಗುಂಡಿ ಒತ್ತಿದೊಡನೆ ಧ್ವನಿ ಕುಗ್ಗುತ್ತದೆ ಅಥವಾ ಸೆಟ್ಟೇ ಆರುತ್ತದೆ. ಸೆಟ್ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಿದರೆ ಅಲ್ಲಿ ಚೆನ್ನಾಗಿಯೇ ಮಾತನಾಡುತ್ತದೆ. ರೋಗ ಇದ್ದದ್ದು ತಂತಿಯಲ್ಲಿ.

ಇನ್ನೊಂದು ಮರೆಯಬಾರದ ಸಂಗತಿ ಫ್ಯೂಸ್. ಅದು ಸೆಟ್ಟಿನ ಹತ್ತಿರ ಇದ್ದರೆ ಸಾಲದು, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ದಾಟುವ ತಂತಿ, ಕಾಡುದಾರಿಯ ಕುಲುಕಾಟಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಕಳಚಿಕೊಳ್ಳುತ್ತದೆ. ತಗಡಿಗೆ ತಾಗಿದ ಗಳಿಗೆಯಲ್ಲಿ ಬ್ಯಾಟರಿಯ ಬಳಿ ಫ್ಯೂಸ್ ಇಲ್ಲದಿದ್ದರೆ ಬೆಂಕಿಯೇ ಸರಿ. ತೂತಿಗೊಂದು ರಬ್ಬರ್ ಬಳೆ, ತಂತಿಗೊಂದು ಹೊದಿಕೆ. ಇವು ಪುಡಿಗಾಸಿನ ಸಾಮಾನು. ಗಾಡಿಯನ್ನು ಉಳಿಸುವುದು ಇವೇ.

ಮೌನದ ಕಾವಲು

ಇಷ್ಟೆಲ್ಲ ಆದ ಮೇಲೂ ಕಾಡಿನ ಗಾಡಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಆನೆ ಯಾವ ಕಡೆಯಿಂದ ಬರುತ್ತದೆಂದು ತಿಳಿಯಬೇಕಾದರೆ ಎಂಜಿನ್ ನಿಲ್ಲಿಸಬೇಕು. ಬಿದಿರು ಮುರಿಯುವ ಸದ್ದು, ಜೋಳದ ಗರಿ ಸರಿಯುವ ಸದ್ದು ಕಿವಿಗೆ ಬೀಳುವುದು ಆಗಲೇ. ಆ ಹೊತ್ತಿನಲ್ಲಿ ಸೆಟ್ ಕೇಳುತ್ತಿರಬೇಕು. ಕೀ ಆಫ್ ಆದೊಡನೆ ಮಲಗುವ ಸೆಟ್ ಇಲ್ಲಿ ಪ್ರಯೋಜನವಿಲ್ಲ. ಕೀ ಆನ್ ಇಟ್ಟೇ ಕೂತರೆ ಮೀಟರ್ ದೀಪಗಳು, ಎಂಜಿನ್ನಿನ ಎಲೆಕ್ಟ್ರಾನಿಕ್ ಭಾಗಗಳು ಎಲ್ಲವೂ ಬ್ಯಾಟರಿ ಕುಡಿಯುತ್ತವೆ.

ಇದಕ್ಕೆ ಸೆಟ್ ತಯಾರಕರೇ ಒಂದು ದಾರಿ ಮಾಡಿದ್ದಾರೆ. ವೃತ್ತಿ ಬಳಕೆಯ ಹಲವು ಸೆಟ್ಟುಗಳಲ್ಲಿ ಎರಡರ ಬದಲು ಮೂರು ತಂತಿ ಇರುತ್ತವೆ. ದಪ್ಪನೆಯ ಎರಡು ಬ್ಯಾಟರಿಗೆ ನೇರ. ಮೂರನೆಯ ತೆಳು ತಂತಿ ಕೀಯ ದಾರಿಗೆ. ಆ ಮೂರನೆಯದು ಕರೆಂಟು ತರುವುದಿಲ್ಲ, ಕೀ ಆನ್ ಇದೆಯೇ ಇಲ್ಲವೇ ಎಂಬ ಸುದ್ದಿ ತರುತ್ತದೆ. ಕೀ ಆಫ್ ಆದ ಸುದ್ದಿ ಬಂದ ಮೇಲೂ ಗೊತ್ತುಪಡಿಸಿದಷ್ಟು ಹೊತ್ತು ಎಚ್ಚರವಿದ್ದು, ಆಮೇಲೆ ತಾನೇ ಮಲಗುವಂತೆ ಹಲವು ಸೆಟ್ಟುಗಳಿಗೆ ಹೇಳಿಕೊಡಬಹುದು. ಇಂಥ ಸೌಕರ್ಯ ಇಲ್ಲದ ಸೆಟ್ಟಿಗೆ ಹೊರಗಿನಿಂದ ಟೈಮರ್ ಸೇರಿಸುವುದುಂಟು. ಇನ್ನೂ ಸರಳವಾಗಿ, ರಿಲೇಯ ಪಕ್ಕದಲ್ಲಿ ಒಂದು ಕೈಸ್ವಿಚ್ ಹಾಕಿ ‘ಕೀ’ ಅಥವಾ ‘ನೇರ’ ಎಂದು ಬದಲಾಯಿಸಿಕೊಳ್ಳಬಹುದು. ಆದರೆ ಸ್ವಿಚ್ಚನ್ನು ‘ನೇರ’ದಲ್ಲೇ ಬಿಟ್ಟು ಮನೆಗೆ ಹೋದರೆ ಮೊದಲ ಕಥೆ ಮತ್ತೆ ಶುರು.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸೆಟ್ಟಿಗೇ ಬೇರೆ ಬ್ಯಾಟರಿ ಇಡುತ್ತಾರೆ. ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗುತ್ತವೆ, ನಿಂತಾಗ ಎರಡೂ ಬೇರೆಯಾಗುತ್ತವೆ. ಸೆಟ್ ಎಷ್ಟು ಕುಡಿದರೂ ಸೆಲ್ಫಿನ ಪಾಲು ಸೆಲ್ಫಿಗೆ. ಖರ್ಚು ಹೆಚ್ಚು, ಜಾಗವೂ ಬೇಕು. ರಾತ್ರಿಯಿಡೀ ಕಾಯುವ ಗಾಡಿಗೆ ಇದಕ್ಕಿಂತ ಭರವಸೆಯ ದಾರಿ ಇಲ್ಲ.

ಹೊಸ ಗಾಡಿಯ ಹೊಸ ಎಚ್ಚರ

ಹಳೆಯ ಜೀಪಿನಲ್ಲಿ ಬೆರಳೆಣಿಕೆಯ ಫ್ಯೂಸುಗಳು. ಬಾನೆಟ್ ಎತ್ತಿದರೆ ಎಲ್ಲ ತಂತಿಯೂ ಕಣ್ಣಿಗೆ ಕಾಣುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಪಿಕಪ್ಪುಗಳು ಹಾಗಲ್ಲ. ಹೊಗೆ, ಎಣ್ಣೆ, ಬ್ರೇಕ್ ಎಲ್ಲವನ್ನೂ ಪುಟ್ಟ ಕಂಪ್ಯೂಟರುಗಳು ನೋಡಿಕೊಳ್ಳುತ್ತವೆ. ಅಲ್ಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಅದು ಎಳೆಯುವ ಕರೆಂಟಿಗೇ ಸೂಕ್ಷ್ಮ ಭಾಗ ಕೆಡಬಹುದು, ಮಲ್ಟಿಮೀಟರೇ ಲೇಸು. ಹಳದಿ ಹೊದಿಕೆಯ ತಂತಿ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಹತ್ತಿರವೂ ಸುಳಿಯಬಾರದು. ತಂತಿ ಕತ್ತರಿಸಿ ಗಂಟು ಹಾಕುವ ಬದಲು, ಫ್ಯೂಸಿನ ಜಾಗದಲ್ಲೇ ಕೂರುವ ಫ್ಯೂಸ್ ಟ್ಯಾಪ್ ಬಳಸಿದರೆ ಮೂಲ ವೈರಿಂಗ್ ಕೆಡುವುದಿಲ್ಲ. ಬ್ಯಾಟರಿಯ ಮೈನಸ್ ತುದಿಯಲ್ಲಿ ಚಿಕ್ಕ ಸೆನ್ಸರ್ ಇರುವ ಗಾಡಿಗಳಲ್ಲಿ ಸೆಟ್ಟಿನ ಮೈನಸ್ಸನ್ನು ಅಲ್ಲಿ ಕಟ್ಟದೆ ಬಾಡಿಗೆ ಕಟ್ಟಬೇಕು. ಇಲ್ಲವಾದರೆ ಸೆಟ್ ಕುಡಿದ ಕರೆಂಟು ಗಾಡಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಇಷ್ಟು ಓದಿ ತಮ್ಮ ಪಿಕಪ್ಪಿಗೂ ಒಂದು ಸೆಟ್ ಇರಲಿ ಎನ್ನುವವರು ಒಂದು ಮಾತು ತಿಳಿದಿರಬೇಕು. ರೇಡಿಯೊ ತರಂಗ ಸರ್ಕಾರದ ಹತೋಟಿಯಲ್ಲಿರುವ ಸ್ವತ್ತು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಪರವಾನಗಿ ಬೇಕೆಂಬುದೇ ನಿಯಮ. ಇವುಗಳ ಜಾಗಕ್ಕೆಂದು ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಮಾಡಿತು. 446 ಮೆಗಾಹರ್ಟ್ಸ್ ಬಳಿಯ ಕಿರುಶಕ್ತಿಯ ಕೈ ಸೆಟ್ಟುಗಳಿಗೆ 2018ರಲ್ಲಿ ವಿನಾಯಿತಿ ಸಿಕ್ಕಿದೆ. ಹವ್ಯಾಸಿಗಳು ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯಬಹುದು. ಅದನ್ನು ಬಿಟ್ಟು, ಎಲ್ಲಿಂದಲೋ ತರಿಸಿದ ಸೆಟ್ಟನ್ನು ಇಲಾಖೆಯ ಚಾನೆಲ್ಲಿನಲ್ಲಿ ಬಾಯಿ ಹಾಕಲು ಬಳಸಿದರೆ ಅದು ಅಪರಾಧ. ಆನೆ ಓಡಿಸುವ ಹೊತ್ತಿನಲ್ಲಿ ನಡುವೆ ಬಂದ ಒಂದು ಅನ್ಯ ಮಾತು ಒಂದು ಜೀವಕ್ಕೇ ಎರವಾಗಬಹುದು.

ಸೆಟ್ ಕೊಳ್ಳುವಾಗ ವಾಟ್ ಎಷ್ಟು, ಚಾನೆಲ್ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ತಂತಿ ಎಲ್ಲಿಂದ ಎಂಬ ಪ್ರಶ್ನೆ ಕೂರಿಸುವವನ ಪಾಲಿಗೆ ಬಿಟ್ಟದ್ದು. ಅವನಿಗೂ ಒಂದು ವಿಷಯವನ್ನು ಮೊದಲೇ ಹೇಳಬೇಕು: ಈ ಗಾಡಿ ಹೆಚ್ಚು ಹೊತ್ತು ಓಡುವುದೋ, ನಿಂತು ಕಾಯುವುದೋ? ಓಡುವ ಗಾಡಿಗೆ ಕೀಯ ರಿಲೇ ಸಾಕು. ಕಾಯುವ ಗಾಡಿಗೆ ಮೂರನೆಯ ತಂತಿ ಬೇಕು, ಇಲ್ಲವೇ ಎರಡನೆಯ ಬ್ಯಾಟರಿ ಬೇಕು. ಕಾಡಂಚಿನ ಹೊಲದಲ್ಲಿ ದೀಪ ಆರಿಸಿಕೊಂಡು ನಿಂತ ಜೀಪಿನೊಳಗೆ ‘ಹಿಂಡು ನಿಮ್ಮ ಕಡೆಗೇ ಬರುತ್ತಿದೆ’ ಎಂಬ ಮಾತು ಕೇಳಬೇಕು. ಕೇಳಿದ ಮರುಗಳಿಗೆ ಕೀ ತಿರುಗಿಸಿದರೆ ಎಂಜಿನ್ ಏಳಲೂ ಬೇಕು.